ಕಂಪನಿ ಕಟ್ಟಿಹಾಕಿದ 35 ಕುದುರೆಗಳು

ಓದು ಮುಗಿಸಿ ಮೊದಲ ಕೆಲಸಕ್ಕೆ ಸೇರಿದಾಗ ನಾನು ಅಮೆರಿಕದ ಇಂಡಿಯಾನಾ ರಾಜ್ಯದ ಕೊಲಂಬಸ್ ಎಂಬ ಊರಿನ ಹೊರಗೆ, ಒಬ್ಬ ವಯಸ್ಸಾದ ರೈತರ ಮನೆಯಲ್ಲಿ ಬಾಡಿಗೆಗಿದ್ದೆ. ಅವರ ಕೊಟ್ಟಿಗೆಯಲ್ಲಿ 1996ರ ಡಾಡ್ಜ್ ರ‍್ಯಾಮ್ ಪಿಕಪ್ ಟ್ರಕ್ ಒಂದಿತ್ತು. ನಮ್ಮ ಹಳ್ಳಿಗಳಲ್ಲಿ ತರಕಾರಿ ಹೊರುವ ಪಿಕಪ್ ಗಾಡಿಯನ್ನು ನೆನಪಿಸಿಕೊಳ್ಳಿ. ಅದರ ಎರಡರಷ್ಟು ಮೈ, ಮುಂದೆ ಲಾರಿಯ ಸದ್ದು ಮಾಡುವ ಡೀಸೆಲ್ ಎಂಜಿನ್. ಹುಲ್ಲಿನ ಹೊರೆ, ದನ, ಟ್ರ್ಯಾಕ್ಟರ್ ಎಲ್ಲವನ್ನೂ ಹಿಂದಿನ ಟ್ರೇಲರಿನಲ್ಲಿ ಎಳೆಯುತ್ತಿದ್ದದ್ದು ಅದೇ. ಅವರ ವರ್ಷದ ಸಂಪಾದನೆ ಆ ಗಾಡಿಯ ಮೇಲೆಯೇ ನಿಂತಿತ್ತು.

ಒಂದು ಸಂಜೆ ಅವರು ಗಾಡಿಯ ಜೊತೆ ಬಂದಿದ್ದ ಹಳೆಯ ಮಾಹಿತಿ ಪುಸ್ತಿಕೆಯನ್ನು ನನ್ನ ಮುಂದಿಟ್ಟರು. 'ನೀನು ಎಂಜಿನಿಯರ್ ಅಲ್ಲವಾ, ಇದನ್ನು ಹೇಳು. ಪಕ್ಕದ ಹೊಲದವನದೂ ಇದೇ ವರ್ಷದ ಗಾಡಿ, ಇದೇ ಎಂಜಿನ್. ಅವನದು 215 ಕುದುರೆ, ನನ್ನದು 180. ನನ್ನ 35 ಕುದುರೆಗಳು ಎಲ್ಲಿ ಹೋದವು?'

ವ್ಯತ್ಯಾಸ ಇದ್ದದ್ದು ಒಂದೇ. ಪಕ್ಕದವರದು ಕೈಯಿಂದ ಗೇರ್ ಹಾಕುವ ಗಾಡಿ, ಇವರದು ಆಟೋಮ್ಯಾಟಿಕ್. ಆಗ ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಸರಿಯಾದ ಉತ್ತರ ಆ ಗಾಡಿಯ ಇತಿಹಾಸದಲ್ಲಿತ್ತು. ಅದನ್ನು ನಾನು ಓದಿಕೊಂಡದ್ದು ತಪ್ಪು ಮಾಡಿ ಮುಗಿಸಿದ ಮೇಲೆ.

ಕೊಲಂಬಸ್ಸಿನಲ್ಲಿ ಆ ಇತಿಹಾಸ ಊರಿನದೇ ಇತಿಹಾಸ. ಡಬ್ಲ್ಯು. ಜಿ. ಇರ್ವಿನ್ ಎಂಬ ಬ್ಯಾಂಕರ್ ಬಳಿ ಕ್ಲೆಸ್ಸಿ ಕಮಿನ್ಸ್ ಎಂಬಾತ ಕಾರು ಓಡಿಸುವ, ರಿಪೇರಿ ಮಾಡುವ ಕೆಲಸಕ್ಕಿದ್ದ. ಅವನ ಡೀಸೆಲ್ ಹುಚ್ಚಿಗೆ ಇರ್ವಿನ್ ಹಣ ಹಾಕಿದ. 1919ರಲ್ಲಿ ಕಮಿನ್ಸ್ ಎಂಜಿನ್ ಕಂಪನಿ ಹುಟ್ಟಿತು. ವರ್ಷಗಟ್ಟಲೆ ಲಾಭ ಕಾಣಲಿಲ್ಲ. 1929ರ ಕ್ರಿಸ್‌ಮಸ್ ದಿನ ಕ್ಲೆಸ್ಸಿ ತನ್ನ ಡೀಸೆಲ್ ಎಂಜಿನ್ನನ್ನು ಒಂದು ಪ್ಯಾಕಾರ್ಡ್ ಕಾರಿಗೆ ಕೂರಿಸಿ ಇರ್ವಿನ್‌ನನ್ನು ಸುತ್ತಾಡಿಸಿಕೊಂಡು ಬಂದ. 1931ರಲ್ಲಿ ಅವನ ಎಂಜಿನ್ ಇಟ್ಟ ರೇಸ್ ಕಾರು ಇಂಡಿಯಾನಾಪೊಲಿಸ್‌ನ 500 ಮೈಲಿ ಓಟವನ್ನು ಎಣ್ಣೆಗಾಗಿ ಒಮ್ಮೆಯೂ ನಿಲ್ಲದೆ ಮುಗಿಸಿತು.

ಕನ್ನಡದ ಓದುಗರಿಗೆ ಈ ಹೆಸರು ಪೂರ್ತಿ ಹೊಸದಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರ ಉದ್ಯಮವನ್ನು ಮಗ ಶಂತನುರಾಯರು ಬೆಳೆಸಿದರು. ಅವರ ಕಾಲದಲ್ಲಿ, 1962ರಲ್ಲಿ, ಪುಣೆಯಲ್ಲಿ ಕಿರ್ಲೋಸ್ಕರ್ ಕಮಿನ್ಸ್ ಶುರುವಾಯಿತು. ಕೊಲಂಬಸ್ಸಿನಂಥ ಸಣ್ಣ ಊರಿನ ಅಂಗಡಿಯಲ್ಲಿ ತೊಗರಿಬೇಳೆ ಸಿಗುತ್ತಿದ್ದದ್ದಕ್ಕೂ ಈ ನಂಟೇ ಕಾರಣವಿರಬೇಕು ಎಂದು ನಾವು ತಮಾಷೆ ಮಾಡಿಕೊಳ್ಳುತ್ತಿದ್ದೆವು.

ನಮ್ಮ ರೈತರ ಗಾಡಿಯಲ್ಲಿದ್ದದ್ದು 5.9 ಲೀಟರಿನ ಆರು ಸಿಲಿಂಡರ್ ಎಂಜಿನ್. ಕಮಿನ್ಸ್ ಮತ್ತು ಟ್ರ್ಯಾಕ್ಟರ್ ತಯಾರಿಸುವ ಜೆ. ಐ. ಕೇಸ್ ಕಂಪನಿ ಕೂಡಿ ರೂಪಿಸಿದ ಎಂಜಿನ್ ಅದು. ಹೊಲದ ಯಂತ್ರಗಳಲ್ಲಿ, ಸಣ್ಣ ಲಾರಿಗಳಲ್ಲಿ ದಿನಗಟ್ಟಲೆ ದುಡಿಯಲೆಂದು ಮಾಡಿದ್ದು. 1989ರ ಮಾದರಿಯಲ್ಲಿ ಡಾಡ್ಜ್ ಅದನ್ನು ತನ್ನ ಪಿಕಪ್ಪಿಗೆ ಕೂರಿಸಿತು. 160 ಕುದುರೆ ಎಂದರೆ ಅಂಥ ದೊಡ್ಡ ಸಂಖ್ಯೆಯೇನೂ ಅಲ್ಲ. ದೊಡ್ಡದಾಗಿದ್ದದ್ದು ಟಾರ್ಕ್, ಅಂದರೆ ತಿರುಗಿಸುವ ಬಲ: 400 ಪೌಂಡ್-ಅಡಿ, ನಮ್ಮ ಲೆಕ್ಕದಲ್ಲಿ ಸುಮಾರು 542 ನ್ಯೂಟನ್ ಮೀಟರ್. ಪೆಟ್ರೋಲ್ ಎಂಜಿನ್ ಕೂಗಿ ಕೂಗಿ ವೇಗಕ್ಕೆ ಬಂದಮೇಲೆ ಬಲ ಕೊಟ್ಟರೆ, ಇದು ಮೆಲ್ಲಗೆ ತಿರುಗುತ್ತಿರುವಾಗಲೇ ಪೂರ್ತಿ ಬಲವನ್ನು ಹಿಂದಕ್ಕೆ ನೂಕುತ್ತಿತ್ತು.

ಹಿಂದಕ್ಕೆ ಎಂದರೆ ಎಲ್ಲಿಗೆ? ಗೇರ್‌ಬಾಕ್ಸಿಗೆ. 1989ರಲ್ಲಿ ಈ ಎಂಜಿನ್ನಿಗೆ ಸಿಕ್ಕ ಜೊತೆಗಾರರು ಇಬ್ಬರು. ಒಂದು, ಗೆಟ್ರಾಗ್ ಕಂಪನಿಯ ಐದು ಗೇರಿನ ಕೈಗೇರ್. ಇನ್ನೊಂದು, ಟಾರ್ಕ್‌ಫ್ಲೈಟ್ 727 ಎಂಬ ಮೂರು ಗೇರಿನ ಆಟೋಮ್ಯಾಟಿಕ್. ಈ 727 ಕ್ರೈಸ್ಲರ್ ಕಂಪನಿಯ ಹೆಮ್ಮೆಯ ಕೂಸು. 1962ರಲ್ಲಿ ಬಂದದ್ದು, ದೊಡ್ಡ ದೊಡ್ಡ ಪೆಟ್ರೋಲ್ ಎಂಜಿನ್‌ಗಳ ಜೊತೆ ಬಾಳಿ ಗಟ್ಟಿಗ ಎನಿಸಿಕೊಂಡದ್ದು. ಆದರೆ ಅದು ಪೆಟ್ರೋಲ್ ಎಂಜಿನ್ನಿನ ಕಾಲದ ಗಟ್ಟಿಗ.

ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ. ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ಡಬ್ಬಿಯಿರುತ್ತದೆ. ಎರಡು ಫ್ಯಾನುಗಳನ್ನು ಎದುರುಬದುರು ಇಟ್ಟು ಒಂದನ್ನು ತಿರುಗಿಸಿದರೆ ಆ ಗಾಳಿಗೆ ಇನ್ನೊಂದೂ ತಿರುಗುವಂತೆ, ಇಲ್ಲಿ ಗಾಳಿಯ ಬದಲು ಎಣ್ಣೆ. ಹರ್ಮನ್ ಫಾಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಹಡಗುಗಳಿಗೆಂದು ಕಂಡುಹಿಡಿದ ಉಪಾಯ ಅದು. ಅದರ ಹಿಂದೆ ಕ್ಲಚ್ ಪ್ಲೇಟುಗಳ ಕಟ್ಟುಗಳು. ಎಣ್ಣೆಯ ಒತ್ತಡ ಪ್ಲೇಟುಗಳನ್ನು ಒಂದಕ್ಕೊಂದು ಬಿಗಿಯಾಗಿ ಅದುಮಿದರೆ ಬಲ ಚಕ್ರಕ್ಕೆ ಹೋಗುತ್ತದೆ. ಅದುಮುವ ಶಕ್ತಿ ಸಾಲದಿದ್ದರೆ ಪ್ಲೇಟುಗಳು ಜಾರುತ್ತವೆ. ಜಾರಿದರೆ ಬಿಸಿ, ಬಿಸಿಯಾದರೆ ಎಣ್ಣೆ ಕೆಡುತ್ತದೆ, ಎಣ್ಣೆ ಕೆಟ್ಟರೆ ಇನ್ನಷ್ಟು ಜಾರುತ್ತದೆ. ಈ ಎಣ್ಣೆಯನ್ನು ಒತ್ತುವ ಪಂಪು ತಿರುಗುವುದು ಎಂಜಿನ್ನಿನಿಂದಲೇ. ಡೀಸೆಲ್ ಎಂಜಿನ್ ಮೆಲ್ಲಗೆ ತಿರುಗುತ್ತಾ ಭಾರೀ ಬಲ ಕೊಡುವಾಗ, ಪಂಪೂ ಮೆಲ್ಲಗೇ ತಿರುಗುತ್ತಿರುತ್ತದೆ. ಬಲ ಅತಿ ಹೆಚ್ಚಾಗಿರುವ ಹೊತ್ತಿಗೇ ಹಿಡಿತಕ್ಕೆ ಕಷ್ಟ.

ಎತ್ತು ಬಲಿತರೆ ನೊಗ, ಮಿಣಿ, ಮೂಕಿ ಎಲ್ಲವನ್ನೂ ಬದಲಿಸಬೇಕಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಗಾಡಿ ತಯಾರಿಸುವವರಿಗೂ ಅದು ಗೊತ್ತಿತ್ತು. 1994ರಲ್ಲಿ ಈ ಎಂಜಿನ್ನಿಗೆ ಬಾಷ್ ಕಂಪನಿಯ ಪಿ7100 ಎಂಬ ದೊಡ್ಡ ಇಂಧನ ಪಂಪು ಬಂತು. ಆಗಿನಿಂದ ಮಾಹಿತಿ ಪುಸ್ತಿಕೆಯಲ್ಲಿ ಎರಡು ಅಂಕಣಗಳು ಕಾಣಿಸಿಕೊಂಡವು. ಕೈಗೇರಿಗೆ 175 ಕುದುರೆ, ಆಟೋಮ್ಯಾಟಿಕ್ಕಿಗೆ 160. 1996ರಲ್ಲಿ 215 ಮತ್ತು 180. ಮುಂದೆ ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವಿನ ಎಂಜಿನ್ ಬಂದಾಗ 235 ಮತ್ತು 215. ಎಂಜಿನ್ ಕೊಡಲು ತಯಾರಿತ್ತು, ಗೇರ್‌ಬಾಕ್ಸ್ ಹೊರಲು ತಯಾರಿರಲಿಲ್ಲ. ಆದ್ದರಿಂದ ಕಂಪನಿಯೇ ಇಂಧನವನ್ನು ಬಿಗಿಹಿಡಿದು 35 ಕುದುರೆಗಳನ್ನು ಲಾಯದಲ್ಲೇ ಕಟ್ಟಿಹಾಕಿತ್ತು.

ನನಗೆ ಇದೊಂದೂ ಗೊತ್ತಿರಲಿಲ್ಲ. ನನಗೆ ಗೊತ್ತಿದ್ದದ್ದು ಅರ್ಧ ವಿದ್ಯೆ. ಆ ಪಂಪಿನೊಳಗೆ ಬೆರಳುದ್ದದ ಒಂದು ಉಕ್ಕಿನ ತಗಡು ಇರುತ್ತದೆ. ಪ್ರತಿ ಸಿಲಿಂಡರಿಗೆ ಎಷ್ಟು ಡೀಸೆಲ್ ಹೋಗಬೇಕೆಂಬುದಕ್ಕೆ ಎಲ್ಲೆ ಹಾಕುವುದು ಆ ತಗಡಿನ ಆಕಾರ. ಅದನ್ನು ಸ್ವಲ್ಪ ಮುಂದಕ್ಕೆ ಸರಿಸಿದರೆ ಡೀಸೆಲ್ ಹೆಚ್ಚು ಹೋಗುತ್ತದೆ, ಬಲ ಏರುತ್ತದೆ. ಒಂದು ರೂಪಾಯಿ ಖರ್ಚಿಲ್ಲ, ಒಂದು ಮಧ್ಯಾಹ್ನದ ಕೆಲಸ. 'ನಿಮ್ಮ ಕುದುರೆಗಳನ್ನು ನಾನು ಬಿಡಿಸಿಕೊಡುತ್ತೇನೆ' ಎಂದು ಹೇಳಿದವನು ನಾನೇ. ಎಂಜಿನಿಯರ್ ಹೇಳಿದ ಮೇಲೆ ಅವರು ನಂಬಿದರು.

ಮೊದಲ ಎರಡು ವಾರ ಗಾಡಿ ಹಾರಿತು. ನಮ್ಮ ಮೆಕ್ಯಾನಿಕ್ಕುಗಳ ಭಾಷೆಯಲ್ಲಿ ಹೇಳುವುದಾದರೆ, ಪಿಕಪ್ಪಿಗೆ ನಿಜವಾಗಿ 'ಪಿಕಪ್' ಬಂದಿತ್ತು. ಹಿಂದಿನಿಂದ ಕಪ್ಪು ಹೊಗೆ ಬಂದರೆ ಇಬ್ಬರೂ ನಗುತ್ತಿದ್ದೆವು. ಮೂರನೆಯ ವಾರ, ಹುಲ್ಲು ಮಾರುವ ಹಂಗಾಮಿನಲ್ಲಿ, ಟ್ರೇಲರ್ ತುಂಬಾ ಹೊರೆ ಹೇರಿಕೊಂಡು ರಾಜ್ಯ ಹೆದ್ದಾರಿ 46ರಲ್ಲಿ ಪಶ್ಚಿಮಕ್ಕೆ ಹೊರಟೆವು. ಬ್ರೌನ್ ಕೌಂಟಿಯ ಗುಡ್ಡಗಳು ಅಲ್ಲೇ ಶುರುವಾಗುತ್ತವೆ. ಅರ್ಧ ಏರಿನಲ್ಲಿ ಎಂಜಿನ್ನಿನ ಸದ್ದು ಏರಿತು, ಗಾಡಿಯ ವೇಗ ಇಳಿಯಿತು. ಸೀದುಹೋದ ವಾಸನೆ. ರಸ್ತೆ ಬದಿಗೆ ನಿಲ್ಲಿಸಿ ಗೇರ್‌ಬಾಕ್ಸಿನ ಕಡ್ಡಿ ಎಳೆದು ನೋಡಿದರೆ, ಕೆಂಪಗಿರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನ ಹಾಗಿತ್ತು.

ಗೇರ್‌ಬಾಕ್ಸ್ ಬಿಚ್ಚಿದ ಮೆಕ್ಯಾನಿಕ್ ಸುಟ್ಟ ಪ್ಲೇಟುಗಳನ್ನು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿಟ್ಟರು. ಬೈಯಲಿಲ್ಲ. 'ಇದಕ್ಕೂ 215 ಕೊಡುವುದು ಕಂಪನಿಯವರಿಗೆ ಬರುತ್ತಿರಲಿಲ್ಲ ಅಂದುಕೊಂಡಿರಾ?' ಎಂದಷ್ಟೇ ಕೇಳಿದರು. ತಪ್ಪು ಗಾಡಿಯದಲ್ಲ, ನಮ್ಮದು, ಅದರಲ್ಲೂ ನನ್ನದು. ಆ ಹಂಗಾಮಿನ ಹುಲ್ಲು ಹೊತ್ತಿಗೆ ಸರಿಯಾಗಿ ಗಿರಾಕಿಗಳಿಗೆ ತಲುಪಲಿಲ್ಲ. ರಿಪೇರಿಗೆ ಅವರು ಎರಡು ಕರುಗಳನ್ನು ಮಾರಿದರು. ನಾನು ಕೊಡಹೋದ ಹಣವನ್ನು ತೆಗೆದುಕೊಳ್ಳಲಿಲ್ಲ.

ಆ ಮೆಕ್ಯಾನಿಕ್ ಗೇರ್‌ಬಾಕ್ಸನ್ನು ಮತ್ತೆ ಕಟ್ಟಿದ ಕ್ರಮ ನನಗೆ ಪಾಠವಾಯಿತು. ಮೊದಲು ವಾಲ್ವ್ ಬಾಡಿ, ಅಂದರೆ ಎಣ್ಣೆಯ ದಾರಿಗಳನ್ನು ಆಳುವ ಭಾಗ. ಅದನ್ನು ತಿದ್ದಿ ಎಣ್ಣೆಯ ಒತ್ತಡ ಏರಿಸಿದರು, ಪ್ಲೇಟುಗಳು ಬಿಗಿಯಾಗಿ ಕಚ್ಚಲಿ ಎಂದು. ಆಮೇಲೆ ಕಟ್ಟುಗಳಿಗೆ ಹೆಚ್ಚು ಪ್ಲೇಟುಗಳು. ಆಮೇಲೆ ಡೀಸೆಲ್ಲಿನ ನಿಧಾನದ ಬಲಕ್ಕೆ ಹೊಂದುವ, ಒಳಗಿನ ಲಾಕಪ್ ಕ್ಲಚ್ಚಿಗೆ ಒಂದರ ಬದಲು ಹೆಚ್ಚು ಡಿಸ್ಕುಗಳಿರುವ ಟಾರ್ಕ್ ಕನ್ವರ್ಟರ್. ಕನ್ವರ್ಟರಿನಿಂದ ಬಲವನ್ನು ಒಳಗೆ ತರುವ ಶಾಫ್ಟಿಗೆ ಗಟ್ಟಿ ಉಕ್ಕು. ಮುಂದೆ ಗಾಳಿ ಬಡಿಯುವ ಜಾಗದಲ್ಲಿ ದೊಡ್ಡ ಆಯಿಲ್ ಕೂಲರ್. ಕೊನೆಗೆ ಚಾಲಕನ ಎದುರಿಗೆ, ಗೇರ್‌ಬಾಕ್ಸಿನ ಎಣ್ಣೆ ಎಷ್ಟು ಬಿಸಿಯಾಗಿದೆ ಎಂದು ತೋರಿಸುವ ಒಂದು ಮೀಟರ್. ಇಷ್ಟೆಲ್ಲ ಮುಗಿದ ಮೇಲೆಯೇ ಇಂಧನದ ತಗಡಿಗೆ ಕೈಹಾಕಿದರು. ನಾನು ಸರಿಸಿದ್ದರಲ್ಲಿ ಅರ್ಧದಷ್ಟನ್ನು ಹಿಂದಕ್ಕೆ ತಂದರು, ಹೊಗೆ ನಿಲ್ಲುವವರೆಗೆ.

ಮುಂದಿನ ಎರಡು ದಶಕಗಳಲ್ಲಿ ದೊಡ್ಡ ಕಂಪನಿಗಳು ನಡೆದದ್ದೂ ಇದೇ ದಾರಿಯಲ್ಲಿ. 2001ರಲ್ಲಿ ಜನರಲ್ ಮೋಟಾರ್ಸ್ ತನ್ನ ಹೊಸ ಡ್ಯೂರಾಮ್ಯಾಕ್ಸ್ ಡೀಸೆಲ್ಲಿಗೆ, ಲಾರಿ ಬಸ್ಸುಗಳ ಗೇರ್‌ಬಾಕ್ಸಿಗೆ ಹೆಸರಾದ ಇಂಡಿಯಾನಾಪೊಲಿಸ್‌ನ ಆಲಿಸನ್ ಕಂಪನಿಯ ಆಟೋಮ್ಯಾಟಿಕ್ಕನ್ನು ಜೋಡಿಸಿತು. ಗೇರ್ ಬದಲಾಗುವ ಕ್ಷಣದಲ್ಲಿ ಕಂಪ್ಯೂಟರ್ ಎಂಜಿನ್ನಿನ ಇಂಧನವನ್ನು ತುಸು ತಗ್ಗಿಸಿ, ಪ್ಲೇಟುಗಳು ಕಚ್ಚಿಕೊಂಡ ಮೇಲೆ ಮತ್ತೆ ಬಿಡುವ ಪದ್ಧತಿ ಬಂತು. ಎಂಜಿನ್ನೂ ಗೇರ್‌ಬಾಕ್ಸೂ ಒಂದರ ಮಾತು ಇನ್ನೊಂದು ಕೇಳಲು ಕಲಿತವು.

ಆಗ ಎರಡು ಅಂಕಣಗಳ ಕಥೆ ತಿರುವುಮುರುವಾಯಿತು. 2001ರ ಹೊತ್ತಿಗೂ ಕಮಿನ್ಸ್ ಎಂಜಿನ್ನಿನ ಹೆಚ್ಚು ಬಲದ ರೂಪ, 245 ಕುದುರೆಯದು, ಆರು ಗೇರಿನ ಕೈಗೇರಿನೊಂದಿಗೆ ಮಾತ್ರ ಸಿಗುತ್ತಿತ್ತು. 2013ಕ್ಕೆ ಬಂದರೆ, ಅದೇ ವಂಶದ 6.7 ಲೀಟರ್ ಎಂಜಿನ್ನಿಗೆ ಕೈಗೇರಿನಲ್ಲಿ 660 ಪೌಂಡ್-ಅಡಿ, ಐಸಿನ್ ಕಂಪನಿಯ ಆಟೋಮ್ಯಾಟಿಕ್ಕಿನಲ್ಲಿ 850. ಈಗ ಕುದುರೆಗಳನ್ನು ಕಟ್ಟಿಹಾಕಬೇಕಾಗಿ ಬಂದದ್ದು ಕೈಗೇರಿನ ಗಾಡಿಯಲ್ಲಿ. 2019ರಲ್ಲಿ ಟಾರ್ಕ್ 1000 ಪೌಂಡ್-ಅಡಿ ಮುಟ್ಟಿತು. ಅದೇ ವರ್ಷ ಕೈಗೇರ್ ಪಟ್ಟಿಯಿಂದಲೇ ಹೋಯಿತು. ಆಗಲೂ ಎರಡು ಆಟೋಮ್ಯಾಟಿಕ್‌ಗಳಿಗೆ ಎರಡು ಲೆಕ್ಕ ಇತ್ತು, ಒಂದಕ್ಕೆ 850, ಇನ್ನೊಂದಕ್ಕೆ 1000. ಪಿಕಪ್ಪುಗಳಿಗೆ ಎಲ್ಲವೂ ಒಂದೇ ಅಂಕಣಕ್ಕೆ ಬಂದದ್ದು 2025ರಲ್ಲಿ: 430 ಕುದುರೆ, 1075 ಪೌಂಡ್-ಅಡಿ, ಎಂಟು ಗೇರಿನ ಒಂದೇ ಆಟೋಮ್ಯಾಟಿಕ್. ಅದನ್ನು ರೂಪಿಸಿದ್ದು ಜರ್ಮನಿಯ ಜ಼ಡ್‌ಎಫ್ ಕಂಪನಿ. ಅದಕ್ಕೆ ಇಟ್ಟ ಹೆಸರು ಮಾತ್ರ ಹಳೆಯದು, ಟಾರ್ಕ್‌ಫ್ಲೈಟ್.

ಜಾಹೀರಾತುಗಳಲ್ಲಿ ದೊಡ್ಡಕ್ಷರದಲ್ಲಿ ಇರುವುದು ಎಂಜಿನ್ನಿನ ಸಂಖ್ಯೆ. ಆದರೆ 1994ರಿಂದ 2025ರವರೆಗಿನ ಸಂಖ್ಯೆಗಳನ್ನು ಸಾಲಾಗಿ ಬರೆದುಕೊಂಡು ನೋಡಿದರೆ, ಅವುಗಳನ್ನು ನಿಗದಿ ಮಾಡಿದ್ದು ಹಿಂದೆ ಕತ್ತಲಲ್ಲಿ, ಎಣ್ಣೆಯಲ್ಲಿ ಮುಳುಗಿ ಕುಳಿತ ಗೇರ್‌ಬಾಕ್ಸ್ ಎಂಬುದು ಕಾಣುತ್ತದೆ. ಎಂಜಿನ್ ಎಷ್ಟು ಕೊಡಬಲ್ಲದು ಎಂದು ಕೇಳಿದವನು ನಾನು. ಹೊರುವವರು ಎಷ್ಟು ಹೊರಬಲ್ಲರು ಎಂದು ಮೊದಲು ಕೇಳಬೇಕಿತ್ತು.

ನಾನು ಆ ಊರು ಬಿಡುವ ಹಿಂದಿನ ವಾರ ಇಬ್ಬರೂ ಮತ್ತೊಮ್ಮೆ ಅದೇ ರಸ್ತೆಯಲ್ಲಿ ಹುಲ್ಲು ಹೇರಿಕೊಂಡು ಹೋದೆವು. ಏರು ಶುರುವಾದಾಗ ಅವರ ಕಣ್ಣು ವೇಗದ ಮುಳ್ಳಿನ ಮೇಲೆ ಇರಲಿಲ್ಲ. ಹೊಸ ಮೀಟರಿನ ಮೇಲಿತ್ತು. ಮುಳ್ಳು ಮೇಲೆ ಸರಿದಾಗ ಆ್ಯಕ್ಸಿಲರೇಟರಿನಿಂದ ಕಾಲನ್ನು ಸ್ವಲ್ಪ ಎತ್ತಿದರು. ಹಿಂದಿದ್ದ ಕಾರುಗಳು ನಮ್ಮನ್ನು ದಾಟಿ ಹೋದವು. ಗುಡ್ಡದ ತಲೆ ಮುಟ್ಟಿದ ಮೇಲೆ ಅವರು, 'ಕುದುರೆಗಳೆಲ್ಲ ಇವೆ' ಎಂದರು.