ಸಕಲವಾರದಿಂದ ಸೋಂಪುರಕ್ಕೆ: ಗ್ರಾಮೀಣ ಆಪ್ತಸಮಾಲೋಚನೆಯ ಐದು ದಶಕ

ಬೆಂಗಳೂರಿನಿಂದ ಸುಮಾರು 50 ಕಿ.ಮೀ. ದೂರದಲ್ಲಿ, ತುಮಕೂರು ಹೆದ್ದಾರಿಗೆ ದೊಡ್ಡಬಳ್ಳಾಪುರದ ಕಡೆಯಿಂದ ಬರುವ ಹೆದ್ದಾರಿ ಕೂಡುವಲ್ಲಿ ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಇದೆ. ಒಂದು ಮಗ್ಗುಲಿಗೆ ಶಿವಗಂಗೆ ಬೆಟ್ಟ, ಇನ್ನೊಂದಕ್ಕೆ ಸೋಂಪುರ ಕೈಗಾರಿಕಾ ಪ್ರದೇಶ. ಜಮೀನು ಕೊಟ್ಟು ಪರಿಹಾರ ಪಡೆದ ಕುಟುಂಬ, ಪಾಳಿಯಲ್ಲಿ ದುಡಿಯುವ ಗುತ್ತಿಗೆ ನೌಕರ, ಹೊರರಾಜ್ಯದಿಂದ ಬಂದು ಬಾಡಿಗೆ ಕೋಣೆ ಹಂಚಿಕೊಂಡ ಹುಡುಗರು, ಎಲ್ಲರೂ ಒಂದೇ ಹೋಬಳಿಯವರು. ಇಂಥ ಊರಲ್ಲಿ ಆಪ್ತಸಮಾಲೋಚನೆ ಹೇಗೆ ಬೇರೂರೀತು? ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. 1986ರಲ್ಲಿ ಗ್ರಾಮಾಂತರ ಜಿಲ್ಲೆ ಬೇರೆಯಾಗುವವರೆಗೆ ನೆಲಮಂಗಲವೂ ಆನೇಕಲ್ಲೂ ಒಂದೇ ಬೆಂಗಳೂರು ಜಿಲ್ಲೆಯ ತಾಲ್ಲೂಕುಗಳು. ಆ ಆನೇಕಲ್ ತಾಲ್ಲೂಕಿನ ಸಕಲವಾರದಲ್ಲಿ 1976ರಲ್ಲೇ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರಿದ್ದರು.

ಹಿನ್ನೆಲೆ ಹೀಗಿದೆ. ಮಾನಸಿಕ ಆಸ್ಪತ್ರೆಯೂ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಒಂದಾಗಿ 1974ರ ಡಿಸೆಂಬರ್‌ನಲ್ಲಿ ನಿಮ್ಹಾನ್ಸ್ ರೂಪುಗೊಂಡಿತು. ಮರುವರ್ಷವೇ ಅಲ್ಲಿ ಸಮುದಾಯ ಮನೋವೈದ್ಯಕೀಯ ಘಟಕ ಶುರುವಾಯಿತು. ಅದನ್ನು ಮುನ್ನಡೆಸಿದ ಆರ್.ಎಲ್. ಕಪೂರ್ ಹಳ್ಳಿಗೆ ಹೊಸಬರೇನಲ್ಲ. ಕರಾವಳಿಯ ಕೋಟದಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಜತೆ ಅವರು ನಡೆಸಿದ ಅಧ್ಯಯನ 1976ರಲ್ಲಿ ಪುಸ್ತಕವಾಗಿ ಬಂತು. ಮನಸ್ಸು ನೊಂದವರು ವೈದ್ಯರ ಬಳಿಗೂ ಹೋಗುತ್ತಾರೆ, ಮಂತ್ರವಾದಿಯ ಬಳಿಗೂ ದೈವ ಮೈದುಂಬುವ ಪಾತ್ರಿಯ ಬಳಿಗೂ ಹೋಗುತ್ತಾರೆ ಎಂಬುದನ್ನು ಆ ಕೃತಿ ಅಪಹಾಸ್ಯವಿಲ್ಲದೆ ದಾಖಲಿಸಿತು. ಊರವರು ಆಗಲೇ ಯಾರಲ್ಲಿ ಕಷ್ಟ ಹೇಳಿಕೊಳ್ಳುತ್ತಿದ್ದಾರೆ ಎಂದು ತಿಳಿಯದೆ ಹೊಸ ಕೇಂದ್ರಕ್ಕೆ ಬಾಗಿಲು ತೆರೆಯುವುದು ವ್ಯರ್ಥ. ಕೋಟದ ಅಧ್ಯಯನದಿಂದ ನಾನು ಮುಖ್ಯವಾಗಿ ಪಡೆಯುವುದು ಇದನ್ನೇ.

ನಿಮ್ಹಾನ್ಸ್‌ನ ಈ ಘಟಕ ಸಕಲವಾರದಲ್ಲಿ ನಡೆಸಿದ ಪ್ರಯೋಗ ಹೊಸ ಹುದ್ದೆಗಳನ್ನು ಸೃಷ್ಟಿಸಲಿಲ್ಲ. ಮಲೇರಿಯಾ, ಲಸಿಕೆ, ಕುಟುಂಬ ಯೋಜನೆಗೆಂದು ಹೇಗೂ ಮನೆಮನೆಗೆ ಹೋಗುತ್ತಿದ್ದ ಆರೋಗ್ಯ ಕಾರ್ಯಕರ್ತರಿಗೆ ಚಿತ್ತವಿಕಲತೆ, ಖಿನ್ನತೆ, ಮೂರ್ಛೆರೋಗ, ಬುದ್ಧಿಮಾಂದ್ಯದಂಥ ಕೆಲವೇ ತೊಂದರೆಗಳನ್ನು ಗುರುತಿಸುವ ತರಬೇತಿ ಕೊಡಲಾಯಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಅಲ್ಪಾವಧಿಯ ಪಾಠ, ಕೈಪಿಡಿ. ಮನೆಯಲ್ಲಿ ಯಾರಾದರೂ ಒಬ್ಬರೇ ಮಾತಾಡಿಕೊಳ್ಳುತ್ತಾರಾ, ಊಟ-ನಿದ್ದೆ ಬಿಟ್ಟಿದ್ದಾರಾ, ಫಿಟ್ಸ್ ಬರುತ್ತದಾ ಎಂಬ ಬಗೆಯ ಪ್ರಶ್ನೆಗಳಿಗೆ ಪದವಿ ಬೇಕಿರಲಿಲ್ಲ, ಜಗಲಿಯ ಮೇಲೆ ಕೂರುವ ಸಲಿಗೆ ಬೇಕಿತ್ತು. ನಮ್ಮ ಬಯಲುಸೀಮೆಯಲ್ಲಿ ಯಾರೂ ತನಗೆ ಖಿನ್ನತೆ ಎಂದು ಹೇಳಿಕೊಂಡು ಬರುವುದಿಲ್ಲ. ತಲೆ ಭಾರ, ಎದೆ ಡವಡವ, ಮೈಕೈ ನೋವು, ಕಣ್ಣಿಗೆ ನಿದ್ದೆ ಹತ್ತಲ್ಲ ಎನ್ನುತ್ತಾರೆ. ಮನೆಯವರಾದರೆ ಯಾವುದನ್ನೋ ಮನಸ್ಸಿಗೆ ಹಚ್ಚಿಕೊಂಡಿದ್ದಾನೆ, ಇಲ್ಲವೇ ಗಾಳಿ ಸೋಕಿದೆ ಎನ್ನುತ್ತಾರೆ. ಈ ಮಾತಿನ ಹಿಂದಿನ ಸಂಕಟವನ್ನು ಹಿಡಿಯಬಲ್ಲವರು ಅದೇ ಮಾತಾಡುವವರು.

1982ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂದಾಗ ಸಕಲವಾರದ ಅನುಭವವೂ ಚಂಡೀಗಢದ ಸಮೀಪದ ರಾಯಪುರ ರಾಣಿಯ ಅನುಭವವೂ ಅದಕ್ಕೆ ಬುನಾದಿಯಾದವು. 1985ರಲ್ಲಿ ಬಳ್ಳಾರಿ ಜಿಲ್ಲೆಯಿಡೀ ಈ ಮಾದರಿಗೆ ಒಳಪಟ್ಟಿತು. 1996ರಲ್ಲಿ ಬಳ್ಳಾರಿಯ ಅಚ್ಚಿನಲ್ಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದ ಬೇರೆ ಜಿಲ್ಲೆಗಳಿಗೆ ಹೊರಟಿತು.

ಈ ವಿಸ್ತರಣೆಯನ್ನು ಬರೀ ಯಶೋಗಾಥೆಯಾಗಿ ಓದುವುದು ಸರಿಯಲ್ಲ. ಕಾರ್ಯಕ್ರಮ ಹರಡಿದಷ್ಟೂ ಲೆಕ್ಕಕ್ಕೆ ಸಿಗುವ ಕೆಲಸಗಳು, ಅಂದರೆ ಶಿಬಿರ, ನೋಂದಣಿ, ಮಾತ್ರೆ ವಿತರಣೆ, ಮುಂದೆ ಬಂದವು. ಕೂತು ಕೇಳುವ ಕೆಲಸ ಹಿಂದೆ ಬಿತ್ತು. ಉತ್ತರ ಭಾರತದ ಕಾರ್ಯಕ್ರಮವನ್ನು ಕುರಿತು ಸುಮೀತ್ ಜೈನ್ ಮತ್ತು ಸುಶ್ರುತ್ ಜಾಧವ್ 2009ರಲ್ಲಿ ಇದೇ ಆಕ್ಷೇಪ ಎತ್ತಿದರು: ಸಮುದಾಯದ ಹೆಸರಿನಲ್ಲಿ ಆರಂಭವಾದ ನೀತಿ ಕೊನೆಗೆ ಮಾತ್ರೆಗೆ ಇಳಿಯಿತು. ಚಿತ್ತವಿಕಲತೆಗೆ ಔಷಧ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಾಲ, ಕುಡಿತ, ದಾಂಪತ್ಯದ ಜಗಳ, ಪರೀಕ್ಷೆಯ ಭಯಕ್ಕೆ ಚೀಟಿ ಬರೆದು ಕಳಿಸಿದರೆ ಸಾಲದು.

ಮಾತಿನ ಈ ಕೆಲಸ ಕರ್ನಾಟಕದಲ್ಲಿ ಬೇರೆ ಬೇರೆ ಕವಲುಗಳಲ್ಲಿ ಉಳಿದುಕೊಂಡಿತು. 1999ರಲ್ಲಿ ಬೆಂಗಳೂರು ಪೊಲೀಸ್ ಆಯುಕ್ತರ ಕಚೇರಿಯಲ್ಲಿ ವನಿತಾ ಸಹಾಯವಾಣಿ ಆರಂಭವಾಯಿತು. ಅದರ ಬೆನ್ನಿಗೇ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸಾಂತ್ವನ ಯೋಜನೆ ಬಂದು, ಸ್ವಯಂಸೇವಾ ಸಂಸ್ಥೆಗಳ ಮೂಲಕ ಸಂಕಷ್ಟದಲ್ಲಿರುವ ಹೆಂಗಸರಿಗೆ ಆಪ್ತಸಮಾಲೋಚನೆ ಒದಗಿಸಿತು. ಯುವಜನರಿಗಾಗಿ ಯುವಜನ ಇಲಾಖೆಯೂ ನಿಮ್ಹಾನ್ಸೂ ಕೂಡಿ ಯುವ ಸ್ಪಂದನ ರೂಪಿಸಿದವು. ನಿಮ್ಹಾನ್ಸ್‌ನ ಪ್ರಾಧ್ಯಾಪಕರಾಗಿದ್ದ ಡಾ. ಸಿ.ಆರ್. ಚಂದ್ರಶೇಖರ್ ಕನ್ನಡದಲ್ಲಿ ನೂರಾರು ಪುಸ್ತಕ ಬರೆದರು, ಸಾಮಾನ್ಯ ಜನರಿಗೆ ಆಪ್ತಸಮಾಲೋಚನೆಯ ತರಬೇತಿ ಕೊಟ್ಟರು, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ‘ಸಮಾಧಾನ’ ಎಂಬ ಉಚಿತ ಕೇಂದ್ರ ನಡೆಸಿದರು. 2024ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ತರಬೇತಾದ ಸಾಮಾನ್ಯರು ಈ ಕೆಲಸ ಮಾಡಬಲ್ಲರು ಎಂಬ ಅವರ ನಂಬಿಕೆಗೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ನಡೆಸಿ 2010ರಲ್ಲಿ ಪ್ರಕಟಿಸಿದ ಪರೀಕ್ಷೆಯೂ ಬೆಂಬಲ ಕೊಟ್ಟಿತು.

ಆದರೂ ಕೊರತೆ ದೊಡ್ಡದೇ. 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಮಾನಸಿಕ ತೊಂದರೆಯಿತ್ತು. ಬಹುತೇಕ ಕಾಯಿಲೆಗಳಲ್ಲಿ ಶೇ. 70ಕ್ಕೂ ಮೀರಿ ಜನ ಚಿಕಿತ್ಸೆಯಿಂದ ಹೊರಗುಳಿದಿದ್ದರು. ಸಮೀಕ್ಷೆ ನಡೆಸಿದ್ದು ಬೆಂಗಳೂರಿನದೇ ನಿಮ್ಹಾನ್ಸ್. ಆದರೆ ಆಯ್ಕೆಯಾದ 12 ರಾಜ್ಯಗಳಲ್ಲಿ ಕರ್ನಾಟಕವಿರಲಿಲ್ಲ, ಕೋಲಾರದಲ್ಲಿ ಪೂರ್ವಭಾವಿ ಅಧ್ಯಯನವಷ್ಟೇ ಆಯಿತು. ಹಾಗಾಗಿ ನೆಲಮಂಗಲದಂಥ ತಾಲ್ಲೂಕಿನ ಸ್ಥಿತಿಯನ್ನು ಆ ಅಂಕಿಗಳಿಂದ ನೇರವಾಗಿ ಹೇಳಲಾಗದು.

ದಾಬಸ್‌ಪೇಟೆಯ ಮಟ್ಟಿಗೆ ನನ್ನ ವಾದ ಸರಳ. ಸಕಲವಾರದ ಮಾದರಿ ಹಗಲು ಮನೆಯಲ್ಲಿ ಯಾರಾದರೂ ಸಿಗುವ ಕೃಷಿ ಹಳ್ಳಿಯದು. ಸೋಂಪುರದ ಬಾಡಿಗೆ ಕೋಣೆಗೆ ಹಗಲು ಬೀಗ, ಇಲ್ಲವೇ ರಾತ್ರಿಪಾಳಿ ಮುಗಿಸಿದವರ ನಿದ್ದೆ. 2014ರಲ್ಲಿ ಶುರುವಾದ ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರ ಸೇವೆ ಗೊತ್ತುಮಾಡಿದ್ದು ಒಳ್ಳೆಯದೇ. ಆದರೆ ದಿನಗೂಲಿಯವನು ಒಂದು ದಿನದ ಕೂಲಿ ಬಿಟ್ಟು ನೆಲಮಂಗಲಕ್ಕೆ ಬಸ್ಸು ಹತ್ತುವುದು ತೀರಾ ಹದಗೆಟ್ಟ ಮೇಲೆಯೇ. ಆದ್ದರಿಂದ ಇಲ್ಲಿನ ಕೇಂದ್ರ ಪಾಳಿ ಬದಲಾಗುವ ಹೊತ್ತಿಗೆ ತೆರೆದಿರಬೇಕು; ಕನ್ನಡದ ಜತೆ ಹಿಂದಿ ಬಲ್ಲವರೊಬ್ಬರು ಅಲ್ಲಿರಬೇಕು; ಆಶಾ ಕಾರ್ಯಕರ್ತೆಗೆ ಈ ಕೆಲಸವನ್ನು ಬಿಟ್ಟಿಯಾಗಿ ಹೊರಿಸದೆ ಸಂಭಾವನೆ ಕೊಡಬೇಕು. ಕಾರ್ಖಾನೆಗಳ ಸಾಮಾಜಿಕ ಹೊಣೆಗಾರಿಕೆ ನಿಧಿಯಿಂದ ಹಣ ಬರಲಿ, ಆದರೆ ಯಾರು ಬಂದರು, ಏನು ಹೇಳಿಕೊಂಡರು ಎಂಬ ಕಡತ ಆಡಳಿತ ವರ್ಗದ ಕೈಗೆ ಹೋಗಬಾರದು. ಕೆಲಸಗಾರನಿಗೆ ಆ ಅನುಮಾನ ಒಮ್ಮೆ ಬಂದರೆ ಕೇಂದ್ರದತ್ತ ಯಾರೂ ಸುಳಿಯುವುದಿಲ್ಲ. ಅಂಥ ಕೇಂದ್ರ ಆಗುವವರೆಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಇದೆ: ದೂರವಾಣಿ ಸಂಖ್ಯೆ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿಯೂ ಮಾತಾಡಬಹುದು.