ನಿಶ್ಶಸ್ತ್ರೀಕರಣದಿಂದ ಹವಾಯಿಗೆ: ಮರ್ಜ್ ಟೇಟ್ ಅವರ ಸಂಶೋಧನೆಯ ಒಂದು ಓದು

ಅಂತಾರಾಷ್ಟ್ರೀಯ ಸಂಬಂಧಗಳ ಅಧ್ಯಯನದ ಚರಿತ್ರೆಯನ್ನು 1919ರಲ್ಲಿ ವೇಲ್ಸ್‌ನ ಅಬರಿಸ್ಟ್‌ವಿತ್‌ನಲ್ಲಿ ಸ್ಥಾಪನೆಯಾದ ಪೀಠದಿಂದ ಆರಂಭಿಸುವುದು ವಾಡಿಕೆ. ಆದರೆ 1910ರಲ್ಲೇ ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾಲಯದಿಂದ 'ಜರ್ನಲ್ ಆಫ್ ರೇಸ್ ಡೆವಲಪ್‌ಮೆಂಟ್' ಎಂಬ ಪತ್ರಿಕೆ ಹೊರಡುತ್ತಿತ್ತು. 1919ರಲ್ಲಿ ಅದು 'ಜರ್ನಲ್ ಆಫ್ ಇಂಟರ್‌ನ್ಯಾಷನಲ್ ರಿಲೇಷನ್ಸ್' ಆಯಿತು; 1922ರಲ್ಲಿ 'ಫಾರಿನ್ ಅಫೇರ್ಸ್'ನಲ್ಲಿ ವಿಲೀನಗೊಂಡಿತು. ಶೀರ್ಷಿಕೆಯಿಂದ 'ಜನಾಂಗ' ಅಳಿಸಿಹೋದಷ್ಟು ಸುಲಭವಾಗಿ ಆ ವಿದ್ವತ್ ವಲಯದಿಂದ ಅಳಿಯಲಿಲ್ಲ.

ಅಮೆರಿಕದ ಕಪ್ಪು ಇತಿಹಾಸಕಾರ್ತಿ ಮರ್ಜ್ ಟೇಟ್ (1905–1996) ಕೆಲಸ ಮಾಡಬೇಕಾಗಿ ಬಂದದ್ದು ಈ ವಲಯದಲ್ಲಿ. ಅವರು ಮಿಷಿಗನ್‌ನ ಬ್ಲಾಂಚರ್ಡ್ ಎಂಬ ಹಳ್ಳಿಯವರು. 1927ರಲ್ಲಿ ಪದವಿ ಪಡೆದರೂ ಕಪ್ಪು ಜನರನ್ನು ಶಿಕ್ಷಕರಾಗಿ ಸೇರಿಸಿಕೊಳ್ಳುವ ಹೈಸ್ಕೂಲು ತವರು ರಾಜ್ಯದಲ್ಲಿ ಸಿಗದೆ ಇಂಡಿಯಾನಾಪೊಲಿಸ್‌ಗೆ ಹೋದರು. 1935ರಲ್ಲಿ ಆಕ್ಸ್‌ಫರ್ಡ್‌ನಿಂದ ಬಿ.ಲಿಟ್., 1941ರಲ್ಲಿ ಹಾರ್ವರ್ಡ್‌ಗೆ ಹೊಂದಿಕೊಂಡಿದ್ದ ಮಹಿಳಾ ಕಾಲೇಜು ರಾಡ್‌ಕ್ಲಿಫ್‌ನಿಂದ ಡಾಕ್ಟರೇಟ್. 1942ರಿಂದ 1977ರವರೆಗೆ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಕಲಿಸಿದರು. ನಡುವೆ 1950–51ರಲ್ಲಿ ಫುಲ್‌ಬ್ರೈಟ್ ವಿದ್ವಾಂಸರಾಗಿ ಶಾಂತಿನಿಕೇತನದ ವಿಶ್ವಭಾರತಿಗೂ ಬಂದಿದ್ದರು.

1942ರ 'ದ ಡಿಸ್‌ಆರ್ಮಮೆಂಟ್ ಇಲ್ಯೂಷನ್' ಅವರ ಮೊದಲ ದೊಡ್ಡ ಕೃತಿ. 1907ರವರೆಗಿನ ಶಸ್ತ್ರಮಿತಿ ಚಳವಳಿಯೇ ಅದರ ವಸ್ತು. 1898ರ ಆಗಸ್ಟ್ 24ರಂದು ರಷ್ಯದ ಝಾರ್ ಎರಡನೇ ನಿಕೋಲಾಸ್ ಶಸ್ತ್ರಾಸ್ತ್ರಗಳಿಗೆ ಕಡಿವಾಣ ಹಾಕೋಣ ಎಂದು ರಾಷ್ಟ್ರಗಳಿಗೆ ಕರೆಯಿತ್ತಾಗ ಶಾಂತಿವಾದಿಗಳು ಹಿಗ್ಗಿದರು. ಕರೆಯ ಹಿಂದೆ ಖಜಾನೆಯ ಚಿಂತೆಯಿತ್ತು: ಹೊಸ ಶೀಘ್ರಗತಿಯ ಫಿರಂಗಿಗಳಲ್ಲಿ ಆಸ್ಟ್ರಿಯವನ್ನು ಸರಿಗಟ್ಟಲು ರಷ್ಯದ ಬಳಿ ಹಣವಿರಲಿಲ್ಲ. 1899ರಲ್ಲಿ ಹೇಗ್‌ನಲ್ಲಿ 26 ರಾಷ್ಟ್ರಗಳು ಸೇರಿದವು. ಮಧ್ಯಸ್ಥಿಕೆಗೊಂದು ಕಾಯಂ ನ್ಯಾಯಾಲಯವನ್ನು ಒಪ್ಪಿದವು. ಶಸ್ತ್ರಮಿತಿಯ ಮಾತು ಬಂದಾಗ ಒಂದು ಸದಾಶಯದ ನಿರ್ಣಯ ಬರೆದು ಎದ್ದುಹೋದವು. 1907ರ ಎರಡನೇ ಹೇಗ್ ಸಮ್ಮೇಳನದಲ್ಲೂ ಅದೇ ಕಥೆ. ಟೇಟ್ ಅವರ ವಾದ ನೇರವಾದದ್ದು. ಫಿರಂಗಿ, ಹಡಗುಗಳ ಲೆಕ್ಕಾಚಾರದಿಂದ ಈ ಪ್ರಶ್ನೆ ಬಗೆಹರಿಯದು, ನೀತಿಬೋಧೆಯಿಂದಲೂ ಬಗೆಹರಿಯದು; ರಾಷ್ಟ್ರಗಳು ತಮ್ಮ ರಾಜಕೀಯ ಗುರಿಗಳನ್ನು ಶಸ್ತ್ರಬಲದಿಂದ ಸಾಧಿಸುವಷ್ಟು ಕಾಲ ಅದು ರಾಜಕೀಯದ ಪ್ರಶ್ನೆಯೇ. ಹ್ಯಾನ್ಸ್ ಮಾರ್ಗೆಂಥೌ ಅವರ 'ಪಾಲಿಟಿಕ್ಸ್ ಅಮಂಗ್ ನೇಷನ್ಸ್' ಬಂದದ್ದು ಇದಾದ ಆರು ವರ್ಷಕ್ಕೆ. ರಾಷ್ಟ್ರಗಳ ನಡೆಯನ್ನು ನೀತಿಯಿಂದಲ್ಲ, ಅಧಿಕಾರ ಮತ್ತು ಹಿತಾಸಕ್ತಿಗಳಿಂದ ವಿವರಿಸುವ ವಾಸ್ತವವಾದದ ಪಾಠಗಳಲ್ಲಿ ಮಾರ್ಗೆಂಥೌ ಹೆಸರು ತಪ್ಪದು. ಟೇಟ್ ಅವರ ಹೆಸರು ಕಾಣುವುದೇ ಅಪರೂಪ.

ಆಮೇಲಿನ ಹವಾಯಿ ಕೃತಿಗಳನ್ನು, ಮುಖ್ಯವಾಗಿ 1965ರ 'ದ ಯುನೈಟೆಡ್ ಸ್ಟೇಟ್ಸ್ ಅಂಡ್ ದ ಹವಾಯಿಯನ್ ಕಿಂಗ್‌ಡಮ್' ಅನ್ನು, ವಿಷಯಾಂತರವೆಂದು ಎಣಿಸುವುದು ನನಗೆ ಒಪ್ಪಿಗೆಯಿಲ್ಲ. ಸಾಮ್ರಾಜ್ಯಗಳ ಗುರಿ ಎಂಥದು ಎಂಬುದನ್ನು ಅವರು ಇಲ್ಲಿ ಒಂದು ಸಣ್ಣ ದ್ವೀಪರಾಜ್ಯದ ಕಡೆಯಿಂದ ನೋಡಿದರು. 1875ರಲ್ಲಿ ಹವಾಯಿಯ ಸಕ್ಕರೆಗೆ ಸುಂಕ ವಿನಾಯಿತಿ ನೀಡುವ ವ್ಯಾಪಾರ ಒಪ್ಪಂದ, 1887ರಲ್ಲಿ ಅಮೆರಿಕಕ್ಕೆ ಪರ್ಲ್ ಹಾರ್ಬರ್ ಬಳಕೆಯ ಹಕ್ಕು, 1893ರಲ್ಲಿ ಹವಾಯಿಯ ರಾಣಿ ಲಿಲಿಯುಕಲಾನಿಯ ಪದಚ್ಯುತಿ. 1898ರ ಆಗಸ್ಟ್ 12ರಂದು, ಅಂದರೆ ಝಾರ್‌ನ ಕರೆಗೆ ಹನ್ನೆರಡು ದಿನ ಮೊದಲು, ಹೊನೊಲುಲುವಿನಲ್ಲಿ ಅಮೆರಿಕದ ಬಾವುಟ ಏರಿತು.

ಮರುವರ್ಷ ಹೇಗ್‌ಗೆ ಅಮೆರಿಕ ಕಳುಹಿಸಿದ ಪ್ರತಿನಿಧಿಗಳಲ್ಲಿ ಆಲ್ಫ್ರೆಡ್ ಮಹಾನ್ ಒಬ್ಬರು: ಹವಾಯಿಯನ್ನು ಸೇರಿಸಿಕೊಳ್ಳಬೇಕೆಂದು 1893ರಲ್ಲೇ ಲೇಖನ ಬರೆದಿದ್ದ ನೌಕಾಧಿಕಾರಿ.