ಅಂಗದಾನಿಗಳ ಸ್ಮಾರಕ ಪಿಂಗಾಣಿ ಫಲಕ

ಸಾವಿನ ನಂತರ ಮೂತ್ರಪಿಂಡ, ಯಕೃತ್ತು, ಹೃದಯ, ಕಣ್ಣು ಕೊಟ್ಟವರ ನೆನಪಿಗೆ ಆಸ್ಪತ್ರೆಯ ಗೋಡೆಗೆ ಕೂರಿಸುವ ಸುಟ್ಟ ಜೇಡಿಮಣ್ಣಿನ ಕಲಾಕೃತಿ. ಗಾಜಿನಂಥ ಬಣ್ಣದ ಲೇಪ ಹಚ್ಚಿ ಸುಮಾರು 1000 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಹೆಚ್ಚಿನ ಶಾಖದಲ್ಲಿ ಸುಡುವುದರಿಂದ ಬಣ್ಣ ಬೇಗ ಮಾಸದು. ನೀರು ಹೀರದ ಮೈಯನ್ನು ದಿನವೂ ಒರೆಸಬಹುದು.

ಇದಕ್ಕೆ ಹತ್ತಿರದ ಹಳೆಯ ಮಾದರಿ ಲಂಡನ್ನಿನ ಪೋಸ್ಟ್‌ಮನ್ಸ್ ಪಾರ್ಕಿನಲ್ಲಿದೆ. ಪರರ ಜೀವ ಉಳಿಸಲು ಹೋಗಿ ಮಡಿದ ಸಾಮಾನ್ಯರಿಗಾಗಿ ಕಲಾವಿದ ಜಿ. ಎಫ್. ವಾಟ್ಸ್ ರೂಪಿಸಿದ ಸ್ಮಾರಕ 1900ರಲ್ಲಿ ತೆರೆಯಿತು. ಅಲ್ಲಿನ ಪಿಂಗಾಣಿ ಬಿಲ್ಲೆಗಳ ಮೇಲೆ ಪ್ರತಿಯೊಬ್ಬರ ಹೆಸರೂ ಅವರು ಮಾಡಿದ ಕೆಲಸವೂ ಇದೆ.

ಕೊಟ್ಟದ್ದನ್ನು ಬರೆದಿಡುವುದು ಕರ್ನಾಟಕಕ್ಕೂ ಹೊಸತಲ್ಲ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ, ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, 945ರ ಕಂಬಶಾಸನವು ವಿದ್ಯಾಶಾಲೆಗೆ ಸಂದ ದತ್ತಿಗಳನ್ನು ದಾಖಲಿಸಿದೆ. ಬಣ್ಣದ ಬಿಲ್ಲೆಗಳ ತಾಳಿಕೆಗೆ ಸಾಕ್ಷಿ ಬೀದರಿನಲ್ಲಿದೆ: 1472ರ ಮಹಮೂದ್ ಗವಾನ್ ಮದರಸಾದ ಗೋಡೆಗಳಲ್ಲಿ ಅವು ಇಂದಿಗೂ ಅಲ್ಲಲ್ಲಿ ಹೊಳೆಯುತ್ತಿವೆ.

ಭಾರತದಲ್ಲಿ ಅಂಗಕಸಿಗೆ 1994ರ ಕಾಯ್ದೆ ಆಧಾರ. ಕರ್ನಾಟಕದಲ್ಲಿ ಹಂಚಿಕೆಯ ಹೊಣೆ 'ಜೀವಸಾರ್ಥಕತೆ' ಸಂಸ್ಥೆಯದು. 2023ರಲ್ಲಿ ರಾಜ್ಯದ 178 ಮೃತರ ಕುಟುಂಬಗಳು ಅಂಗದಾನಕ್ಕೆ ಒಪ್ಪಿದವು. ದಾನಿ ಯಾರು, ಪಡೆದವರು ಯಾರು ಎಂಬುದನ್ನು ಪರಸ್ಪರ ಗುಟ್ಟಾಗಿಡುವುದು ಪದ್ಧತಿ. ಹೀಗಾಗಿ ಫಲಕದಲ್ಲಿ ಹೆಸರು ಕೆತ್ತಲು ಮನೆಯವರ ಒಪ್ಪಿಗೆ ಬೇಕು. ಒಪ್ಪಿದ ಕಡೆ ಹೆಸರು ಇರಲೇಬೇಕು. ಬರೀ ಎಲೆ, ಹಕ್ಕಿಗಳ ಚಿತ್ತಾರ ಎಷ್ಟೇ ಚೆಲುವಾಗಿದ್ದರೂ ಹಳ್ಳಿಯಿಂದ ಬಂದ ತಾಯಿ ಅಲ್ಲಿ ಮೊದಲು ಹುಡುಕುವುದು ಮಗನ ಹೆಸರನ್ನೇ.